ರಾಕ್ ತಂಡಗಳು ತಮ್ಮ ಹಾಡುಗಳನ್ನು ಅಂತರ್ಜಾಲದಲ್ಲಿ ಬಿಡಿಯಾಗಿ ಮಾರಲು ಏಕೆ ಒಪ್ಪಲಿಲ್ಲ?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಎಸಿ/ಡಿಸಿ, ಪಿಂಕ್ ಫ್ಲಾಯ್ಡ್‌ನಂಥ ತಂಡಗಳು ಇಡೀ ಆಲ್ಬಮ್ ಕೊಳ್ಳುವುದಾದರೆ ಕೊಳ್ಳಿ, ಒಂದೊಂದೇ ಹಾಡನ್ನು ಮಾರುವುದಿಲ್ಲ ಎಂದು ಹಟ ಹಿಡಿದದ್ದು ಕಲೆಯ ಮೇಲಿನ ಕಾಳಜಿಯಿಂದಲೋ ಹಣದ ಆಸೆಯಿಂದಲೋ ಎಂಬುದು ಮೊದಲನೆಯದು. ಆ ಹಟದಿಂದ ಕೊನೆಗೆ ಅವರಿಗೆ ದಕ್ಕಿದ್ದೇನು ಎಂಬುದು ಎರಡನೆಯದು. ನಾನು ಸಂಗೀತದ ವ್ಯಾಪಾರದಲ್ಲಿರುವವನಲ್ಲ. ದಾವಣಗೆರೆಯ ಹಾಸ್ಟೆಲ್ ದಿನಗಳಿಂದ ಈ ಸಂಗೀತವನ್ನು ಕೇಳುತ್ತ ಬಂದಿರುವ ಕೇಳುಗ ಮಾತ್ರ. ನನ್ನ ಮಟ್ಟಿಗೆ ಉತ್ತರ ತಂಡದಿಂದ ತಂಡಕ್ಕೆ ಬೇರೆಯಾಗುತ್ತದೆ, ಮತ್ತು ಕಲೆಯ ವಾದ ಯಾರ ಬಾಯಲ್ಲಿ ದುರ್ಬಲವಾಗಿತ್ತೋ ಅವರೇ ಹೆಚ್ಚು ಕಾಲ ಹಟ ಹಿಡಿದರು.

ಮೊದಲು ಜಗಳ ಎಲ್ಲಿಂದ ಹುಟ್ಟಿತು ಎಂಬುದನ್ನು ನೋಡಬೇಕು. ಆ್ಯಪಲ್ ಕಂಪನಿ 2003ರ ಏಪ್ರಿಲ್ 28ರಂದು ಅಮೆರಿಕದಲ್ಲಿ ಐಟ್ಯೂನ್ಸ್ ಎಂಬ ಅಂತರ್ಜಾಲದ ಸಂಗೀತದ ಅಂಗಡಿಯನ್ನು ತೆರೆದಾಗ ಒಂದು ಹಾಡಿನ ಬೆಲೆ 99 ಸೆಂಟ್, ಬಹುಪಾಲು ಆಲ್ಬಮ್‌ಗಳ ಬೆಲೆ 9.99 ಡಾಲರ್ ಎಂದು ನಿಗದಿಪಡಿಸಿತು. ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡುಗಳು ಮಾರಾಟವಾದವು. ಕೇಳುಗರು ಹೀಗೆ ಮುಗಿಬಿದ್ದದ್ದಕ್ಕೆ ನ್ಯಾಯವಾದ ಕಾರಣವೂ ಇತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಧ್ವನಿಮುದ್ರಣ ಕಂಪನಿಗಳು ಸಿಂಗಲ್ ಎಂಬ ಬಿಡಿ ಹಾಡಿನ ತಟ್ಟೆಗಳನ್ನು ಅಂಗಡಿಗಳಿಂದ ಹೆಚ್ಚುಕಡಿಮೆ ಮಾಯಮಾಡಿದ್ದವು. ರೇಡಿಯೋದಲ್ಲಿ ಕೇಳಿದ ಒಂದು ಹಾಡು ಬೇಕೆಂದರೂ ಪೂರ್ತಿ ಸಿ.ಡಿ.ಯನ್ನೇ ಕೊಳ್ಳಬೇಕಾಗುತ್ತಿತ್ತು. ಅಂಗಡಿಯಲ್ಲಿ ಸಿಗದ ಹಾಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಬಿಲ್‌ಬೋರ್ಡ್ ಪತ್ರಿಕೆ 1998ರ ಡಿಸೆಂಬರ್‌ನಲ್ಲಿ ತನ್ನ ಜನಪ್ರಿಯ ಹಾಡುಗಳ ಪಟ್ಟಿಯ ನಿಯಮವನ್ನೇ ಬದಲಾಯಿಸಬೇಕಾಯಿತು. ಒಂದು ಒಳ್ಳೆಯ ಹಾಡಿಗಾಗಿ ಒಂಬತ್ತು ಸಪ್ಪೆ ಹಾಡುಗಳಿಗೂ ದುಡ್ಡು ತೆತ್ತ ಜನರ ಸಿಟ್ಟು ಐಟ್ಯೂನ್ಸ್‌ಗೆ ದೊಡ್ಡ ಬಂಡವಾಳವಾಯಿತು.

ನಮ್ಮ ಕಡೆಯವರಿಗೆ ಈ ವಾದವೇ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ನಾವು ಕೊಳ್ಳುತ್ತಿದ್ದದ್ದು ಚಲನಚಿತ್ರಗಳ ಕ್ಯಾಸೆಟ್ಟು. ಅದರಲ್ಲಿ ಪ್ರತಿಯೊಂದು ಹಾಡಿಗೂ ಚಿತ್ರಕಥೆಯೊಂದಿಗೆ ನಂಟಿರುತ್ತಿತ್ತೇ ಹೊರತು ಅದರ ಹಿಂದಿನ ಮುಂದಿನ ಹಾಡುಗಳೊಂದಿಗೆ ಇರುತ್ತಿರಲಿಲ್ಲ. ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು, ಖಾಲಿ ಕ್ಯಾಸೆಟ್ಟಿನೊಂದಿಗೆ ಅಂಗಡಿಯವನ ಕೈಗಿತ್ತು, ಎರಡು ದಿನ ಬಿಟ್ಟು ಹೋಗಿ ತುಂಬಿಸಿದ ಕ್ಯಾಸೆಟ್ಟನ್ನು ತರುತ್ತಿದ್ದ ನಮಗೆ ಹಾಡನ್ನು ಆಲ್ಬಮ್ಮಿನಿಂದ ಬಿಡಿಸುವುದು ಅಪಚಾರವೆಂದು ಅನ್ನಿಸಿದ್ದೇ ಇಲ್ಲ. ರಾಕ್ ಸಂಗೀತದವರ ಆಲ್ಬಮ್ಮನ್ನು ಕಛೇರಿಗೆ ಹೋಲಿಸಿದರೆ ವಿಷಯ ಬೇಗ ತಿಳಿಯುತ್ತದೆ. ವರ್ಣದಿಂದ ಆರಂಭಿಸಿ, ನಡುವೆ ರಾಗ ತಾನ ಪಲ್ಲವಿಯನ್ನೋ ದೊಡ್ಡ ಕೃತಿಯನ್ನೋ ಇಟ್ಟು, ತನಿ ಆವರ್ತನವಾದ ಮೇಲೆ ದೇವರನಾಮಗಳತ್ತ ಇಳಿದು ಮಂಗಳ ಹಾಡುವ ವಿದ್ವಾಂಸರು ಆ ಕ್ರಮವನ್ನು ಯೋಚಿಸಿಯೇ ಇಟ್ಟಿರುತ್ತಾರೆ. ಅರವತ್ತರ ದಶಕದ ನಡುಭಾಗದಿಂದ ರಾಕ್ ತಂಡಗಳೂ ಎಲ್‌ಪಿ ತಟ್ಟೆಯ ಎರಡು ಬದಿಗಳನ್ನು, ಬದಿಯೊಂದಕ್ಕೆ ಸುಮಾರು 20 ನಿಮಿಷದಂತೆ, ಹೀಗೆಯೇ ಯೋಚಿಸಿ ಜೋಡಿಸತೊಡಗಿದವು.

ಈ ಜೋಡಣೆಯನ್ನು ಬಹಳ ದೂರ ಕೊಂಡೊಯ್ದವರು ಪಿಂಕ್ ಫ್ಲಾಯ್ಡ್. 1973ರ ಮಾರ್ಚ್‌ನಲ್ಲಿ ಬಂದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಸುಮಾರು 43 ನಿಮಿಷಗಳ ಆಲ್ಬಮ್. ಎದೆಬಡಿತದ ಸದ್ದಿನಿಂದ ಆರಂಭವಾಗಿ ಅದೇ ಸದ್ದಿನಲ್ಲಿ ಮುಗಿಯುತ್ತದೆ, ಒಂದು ಬದಿಯೊಳಗಿನ ಹಾಡುಗಳು ನಡುವೆ ಮೌನವಿಲ್ಲದೆ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಹಾಸ್ಟೆಲ್‌ನಲ್ಲಿ ಗೆಳೆಯನೊಬ್ಬ ತುಂಬಿಸಿಕೊಂಡು ಬಂದಿದ್ದ ಕ್ಯಾಸೆಟ್ಟಿನಲ್ಲಿ ಇದರ ‘ಮನಿ’ ಎಂಬ ಒಂದೇ ಹಾಡು ಇತ್ತು. ನಾಣ್ಯಗಳ ಝಣಝಣದಿಂದ ಶುರುವಾಗುವ ಅದನ್ನು ಒಂದು ವರ್ಷ ಮೋಜಿನ ಹಾಡೆಂದೇ ಕೇಳಿದೆ. ಆಮೇಲೆ ಪೂರ್ತಿ ಆಲ್ಬಮ್ ಸಿಕ್ಕಿದಾಗ, ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಯಲ್ಲಿ ಮಾತೇ ಇಲ್ಲದೆ ಕೂಗಿ, ಅತ್ತು, ತಣ್ಣಗಾಗುವ ಹೆಣ್ಣುದನಿಯೊಂದಿಗೆ ಎ ಬದಿ ಮುಗಿದು, ಕ್ಯಾಸೆಟ್ಟನ್ನು ಮಗುಚಿ ಹಾಕಿದೊಡನೆ ಆ ನಾಣ್ಯಗಳ ಸದ್ದು ಬಂದಾಗ ಅದರಲ್ಲಿದ್ದ ಕುಹಕ ನನಗೆ ಮೊದಲ ಬಾರಿಗೆ ಕೇಳಿಸಿತು. ಹಾಡು ಅದೇ, ಅದು ಕುಳಿತ ಜಾಗ ಮಾತ್ರ ಬೇರೆ.

ಇಂಥ ಆಲ್ಬಮ್ಮನ್ನು ಕಡತಗಳಾಗಿ ಕತ್ತರಿಸಿದಾಗ ಆಗುವ ತೊಂದರೆ ಬರೀ ಭಾವನೆಯದಲ್ಲ. ಎಂಪಿ3 ಮಾಡುವ ವಿಧಾನದಲ್ಲಿ ಪ್ರತಿಯೊಂದು ಕಡತದ ಮೊದಲಿಗೂ ಕೊನೆಗೂ ಕ್ಷಣಕಾಲದ ಮೌನ ಸೇರಿಕೊಳ್ಳುತ್ತದೆ. ಬಿಡಿ ಹಾಡಿಗೆ ಅದರಿಂದ ನಷ್ಟವಿಲ್ಲ, ಆದರೆ ‘ಬ್ರೇನ್ ಡ್ಯಾಮೇಜ್’ ಮುಗಿಯುತ್ತಲೇ ‘ಎಕ್ಲಿಪ್ಸ್’ ಹೊಮ್ಮಬೇಕಾದ ಕಡೆ ಯಾರೋ ತಂತಿ ಕಿತ್ತಂತೆ ಒಂದು ಬಿಕ್ಕಳಿಕೆ ಕೇಳಿಸುತ್ತಿತ್ತು. ಐಟ್ಯೂನ್ಸ್‌ಗೆ ಈ ಬಿರುಕನ್ನು ಮುಚ್ಚಿ ನುಡಿಸುವ ಸೌಲಭ್ಯ ಬಂದದ್ದು 2006ರ ಸೆಪ್ಟೆಂಬರ್‌ನಲ್ಲಿ, ಅಂದರೆ ಅಂಗಡಿ ತೆರೆದು ಮೂರು ವರ್ಷಗಳಾದ ಮೇಲೆ.

ಪಿಂಕ್ ಫ್ಲಾಯ್ಡ್‌ನ ಕೈಯಲ್ಲಿ ಕಲೆಯ ವಾದದ ಜೊತೆಗೆ ಒಂದು ಕಾಗದವೂ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಐಟ್ಯೂನ್ಸ್ ಹುಟ್ಟುವ ಮೊದಲೇ, ತನ್ನ ಧ್ವನಿಮುದ್ರಣ ಕಂಪನಿಯಾದ ಇಎಂಐಯೊಂದಿಗೆ ನವೀಕರಿಸಿಕೊಂಡ ಒಪ್ಪಂದದಲ್ಲಿ ಆಲ್ಬಮ್‌ಗಳ ಕಲಾತ್ಮಕ ಸಮಗ್ರತೆಯನ್ನು ಕಾಪಾಡುವ ಸಲುವಾಗಿ, ತಂಡದ ಒಪ್ಪಿಗೆಯಿಲ್ಲದೆ ಹಾಡುಗಳನ್ನು ಬಿಡಿಯಾಗಿ ಮಾರಬಾರದೆಂಬ ಷರತ್ತಿತ್ತು. ಆದರೂ ಹಾಡುಗಳು ಅಂತರ್ಜಾಲದಲ್ಲಿ ಬಿಡಿಬಿಡಿಯಾಗಿ ಮಾರಾಟವಾಗುತ್ತಿದ್ದುದರಿಂದ ತಂಡ ನ್ಯಾಯಾಲಯಕ್ಕೆ ಹೋಯಿತು. ಆ ಷರತ್ತು ಕೈಗೆ ಸಿಗುವ ತಟ್ಟೆ, ಸಿ.ಡಿ.ಗಳಿಗೆ ಮಾತ್ರ ಅನ್ವಯಿಸುತ್ತದೆ, ಅಂತರ್ಜಾಲದ ಮಾರಾಟಕ್ಕಲ್ಲ ಎಂದು ಇಎಂಐ ವಾದಿಸಿತು. ಲಂಡನ್ನಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಂಡ್ರ್ಯೂ ಮೊರಿಟ್ ಅವರು 2010ರ ಮಾರ್ಚ್ 11ರಂದು ಆ ವಾದವನ್ನು ತಳ್ಳಿಹಾಕಿ ತಂಡದ ಪರವಾಗಿ ತೀರ್ಪಿತ್ತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ಕಲೆ ಗೆದ್ದಿತೆಂದು ಬರೆದು ಮುಗಿಸಬಹುದಿತ್ತು. ಆದರೆ ತಿಂಗಳು ತುಂಬುವ ಮೊದಲೇ, 2011ರ ಜನವರಿಯ ಆರಂಭದಲ್ಲಿ, ತಂಡವೂ ಇಎಂಐಯೂ ಐದು ವರ್ಷಗಳ ಹೊಸ ಒಪ್ಪಂದಕ್ಕೆ ಸಹಿ ಹಾಕಿ ರಾಜಿಯಾದವು. ಹಾಡುಗಳ ಬಿಡಿ ಮಾರಾಟಕ್ಕೆ ತಂಡವೇ ಒಪ್ಪಿಗೆ ಕೊಟ್ಟಿತು. ಇದನ್ನು ಸೋಗಲಾಡಿತನವೆಂದು ಹಳಿಯುವವರಿದ್ದಾರೆ, ಮತ್ತು ‘ಮನಿ’ಯನ್ನು 1973ರಲ್ಲೇ ಅಮೆರಿಕದಲ್ಲಿ ಸಿಂಗಲ್ ಆಗಿ ಮಾರಿದ್ದನ್ನು, 1979ರಲ್ಲಿ ‘ಅನದರ್ ಬ್ರಿಕ್ ಇನ್ ದ ವಾಲ್’ನ ಎರಡನೆಯ ಭಾಗವನ್ನು ಸಿಂಗಲ್ ಆಗಿ ಬಿಟ್ಟು ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದದ್ದನ್ನು ಅವರು ಸಾಕ್ಷಿಯಾಗಿ ಎತ್ತಿ ತೋರಿಸುತ್ತಾರೆ. ಸಾಕ್ಷಿ ಸುಳ್ಳಲ್ಲ. ಆದರೆ ಷರತ್ತಿನ ಮಾತುಗಳನ್ನು ಗಮನಿಸಿ: ಒಪ್ಪಿಗೆಯಿಲ್ಲದೆ ಮಾರಬಾರದು ಎಂದಷ್ಟೇ ಅಲ್ಲಿತ್ತು. ಮನೆಯ ಗೋಡೆಯನ್ನು ಯಜಮಾನನೇ ಒಡೆಸುವುದಕ್ಕೂ ಬಾಡಿಗೆಯವನು ಕೇಳದೆ ಒಡೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ. ಈ ಇಡೀ ಜಗಳದಲ್ಲಿ ನನಗೆ ಮುಖ್ಯವಾಗಿ ಕಾಣುವುದೂ ಇದೇ. ಯಾವ ಅಳತೆಯಲ್ಲಿ ಮಾರಬೇಕೆಂಬುದನ್ನು ತೀರ್ಮಾನಿಸುವವರು ಹಾಡು ಮಾಡಿದವರೋ, ಅಂಗಡಿ ಇಟ್ಟವರೋ ಎಂಬುದು ಮೊದಲು ಇತ್ಯರ್ಥವಾಗಬೇಕಿತ್ತು. ಕಲೆಯೋ ಹಣವೋ ಎಂಬುದು ಅದರ ನಂತರದ ಮಾತು. ಆ್ಯಪಲ್ ಎಲ್ಲರಿಗೂ ಒಂದೇ ಅಳತೆಪಾತ್ರೆ ಇಟ್ಟಿತು. ಒಪ್ಪಂದದಲ್ಲಿ ಬಲವಿದ್ದ ಕೆಲವೇ ತಂಡಗಳು ಅದನ್ನು ಬೇಡವೆನ್ನಲು ಸಾಧ್ಯವಾಯಿತು. ಹೊಸಬರಿಗೆ ಆ ಆಯ್ಕೆಯೇ ಇರಲಿಲ್ಲ.

ಇನ್ನು ಎಸಿ/ಡಿಸಿ. ನಾನು ಈ ತಂಡದ ಅಭಿಮಾನಿ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಇವರ ಆಲ್ಬಮ್‌ನ ಹಾಡುಗಳನ್ನು ಹೇಗೆ ಕಲಸಿದರೂ ದೊಡ್ಡ ನಷ್ಟವಿಲ್ಲ. ಒಂದೊಂದು ಹಾಡೂ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಆದರೂ ತಾವು ಮಾಡುವುದು ಆಲ್ಬಮ್, ಬಿಡಿ ಹಾಡುಗಳಲ್ಲ ಎಂದು ಗಿಟಾರ್ ವಾದಕ ಆಂಗಸ್ ಯಂಗ್ ಮತ್ತೆ ಮತ್ತೆ ಹೇಳಿದರು, ಮತ್ತು ಐಟ್ಯೂನ್ಸ್ ಆರಂಭವಾದ ಒಂಬತ್ತೂವರೆ ವರ್ಷಗಳವರೆಗೆ ಅದರೊಳಗೆ ಕಾಲಿಡಲಿಲ್ಲ. ಇವರಿಗೆ ಅಂತರ್ಜಾಲದ ಮೇಲೆ ದ್ವೇಷವಿತ್ತು ಎಂಬುದು ತಪ್ಪು ಕಲ್ಪನೆ. 2007ರಲ್ಲೇ ಅಮೆರಿಕದ ವೆರೈಝನ್ ಎಂಬ ಮೊಬೈಲ್ ಕಂಪನಿಯ ಮೂಲಕ ತಮ್ಮ ಆಲ್ಬಮ್‌ಗಳನ್ನು ಡಿಜಿಟಲ್ ರೂಪದಲ್ಲಿ ಮಾರಿದ್ದರು, ಇಡಿಯಾಗಿ ಮಾತ್ರ. 2008ರ ಅಕ್ಟೋಬರ್‌ನಲ್ಲಿ ‘ಬ್ಲ್ಯಾಕ್ ಐಸ್’ ಆಲ್ಬಮ್ ಬಂದಾಗ ಅಮೆರಿಕದ ಅಂಗಡಿಗಳ ಪೈಕಿ ಅದನ್ನು ವಾಲ್‌ಮಾರ್ಟ್‌ ಮತ್ತು ಅದರದೇ ಸ್ಯಾಮ್ಸ್ ಕ್ಲಬ್‌ಗೆ ಮಾತ್ರ ಕೊಟ್ಟರು, ಸಿ.ಡಿ. ಸತ್ತಿತೆಂದು ಎಲ್ಲರೂ ಹೇಳುತ್ತಿದ್ದ ಆ ಹೊತ್ತಿನಲ್ಲಿ ಅದು ಅಲ್ಲಿ ಮೊದಲ ವಾರವೇ 7,84,000 ಪ್ರತಿಗಳಷ್ಟು ಮಾರಾಟವಾಯಿತು.

ಇಲ್ಲಿ ಹಣದ ಲೆಕ್ಕ ಸರಳ. ಅಂಗಡಿಯ ಪಾಲು ಸುಮಾರು ಶೇಕಡಾ 30 ಹೋದರೆ, 99 ಸೆಂಟಿನ ಹಾಡಿನಲ್ಲಿ ಕಂಪನಿಗೆ ಉಳಿಯುವುದು 70 ಸೆಂಟಿನ ಆಸುಪಾಸು. ತಂಡದ ರಾಯಲ್ಟಿ ಬರಬೇಕಾದದ್ದು ಅದರೊಳಗಿಂದ. 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ನಂಥ ಆಲ್ಬಮ್ಮಿನಿಂದ ಹೊಸ ಕೇಳುಗ ಎರಡು ಪ್ರಸಿದ್ಧ ಹಾಡುಗಳನ್ನು ಮಾತ್ರ ಎತ್ತಿಕೊಂಡು ಹೋದರೆ, ಹತ್ತು ಡಾಲರಿನ ಮಾರಾಟ ಎರಡು ಡಾಲರಿಗೆ ಇಳಿಯುತ್ತದೆ. ಅಮೆರಿಕವೊಂದರಲ್ಲೇ ಎರಡು ಕೋಟಿಗೂ ಹೆಚ್ಚು ಪ್ರತಿಗಳ ಪ್ರಮಾಣಪತ್ರ ಪಡೆದ ಆಲ್ಬಮ್ ಅದು. ಪ್ರತಿ ಹೊಸ ತಲೆಮಾರಿನ ಹುಡುಗರೂ ಅದನ್ನು ಇಡಿಯಾಗಿ ಕೊಳ್ಳುತ್ತಿದ್ದಾಗ ಬಿಡಿ ಮಾಡಿ ಮಾರುವುದಕ್ಕೆ ತಂಡಕ್ಕೆ ಕಾರಣವೇ ಇರಲಿಲ್ಲ. ಇದೇ ಉಪಾಯವನ್ನು ಲೆಡ್ ಝೆಪೆಲಿನ್ ತಂಡ ಎಪ್ಪತ್ತರ ದಶಕದಲ್ಲೇ ಬಳಸಿತ್ತು. ‘ಸ್ಟೇರ್‌ವೇ ಟು ಹೆವನ್’ ಹಾಡನ್ನು ರೇಡಿಯೋಗಳು ಎಡೆಬಿಡದೆ ಹಾಕುತ್ತಿದ್ದರೂ ಅದನ್ನು ಸಿಂಗಲ್ ಆಗಿ ಮಾರಲು ತಂಡ ಒಪ್ಪಲಿಲ್ಲ. ಹಾಡು ಬೇಕಾದವರೆಲ್ಲ 1971ರ ನಾಲ್ಕನೆಯ ಆಲ್ಬಮ್ಮನ್ನೇ ಕೊಂಡರು. ಈ ಲೆಕ್ಕದಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣುವುದಿಲ್ಲ, ಆದರೆ ಎಸಿ/ಡಿಸಿಯವರು ಅದಕ್ಕೆ ಕಲೆಯ ಶಾಲು ಹೊದಿಸುವ ಅಗತ್ಯವೂ ಇರಲಿಲ್ಲ.

ಹಟದ ಬೆಲೆಯನ್ನೂ ಹೇಳಬೇಕು. ಅಂಗಡಿಯಲ್ಲಿ ಮೂಲ ಹಾಡು ಸಿಗದಿದ್ದಾಗ ಆ ಜಾಗ ಖಾಲಿ ಉಳಿಯುವುದಿಲ್ಲ. 2008ರಲ್ಲಿ ಕಿಡ್ ರಾಕ್ ಎಂಬ ಗಾಯಕನ ‘ಆಲ್ ಸಮ್ಮರ್ ಲಾಂಗ್’ ಹಾಡು ಅಮೆರಿಕದ ಐಟ್ಯೂನ್ಸ್‌ನಲ್ಲಿ ಸಿಗದ ಕಾರಣ, ಹೆಸರೇ ಕೇಳಿರದ ತಂಡಗಳು ಹಾಡಿ ಮಾರಿದ ಅದರ ಪಡಿಯಚ್ಚುಗಳು ಬಿಲ್‌ಬೋರ್ಡ್ ಪಟ್ಟಿಗೆ ಏರಿದವು. ಎಸಿ/ಡಿಸಿಯ ಹೆಸರು ಹುಡುಕಿದವರಿಗೂ ಅನುಕರಣೆಯ ತಂಡಗಳೇ ಎದುರಾಗುತ್ತಿದ್ದವು. ಉಳಿದವರು ಎಲ್ಲಿಂದ ಇಳಿಸಿಕೊಂಡರೆಂದು ಬೇರೆ ಹೇಳಬೇಕಿಲ್ಲ. ಆ ಕಾಲದಲ್ಲಿ ನನ್ನ ಕಂಪ್ಯೂಟರಿನಲ್ಲಿದ್ದ ‘ಬ್ಲ್ಯಾಕ್ ಐಸ್’ ಕೂಡ ವಾಲ್‌ಮಾರ್ಟ್‌ನಿಂದ ಬಂದದ್ದಾಗಿರಲಿಲ್ಲ.

ಹಾಗಾಗಿ ಒಬ್ಬೊಬ್ಬರೇ ಒಳಗೆ ಬಂದರು. 2000ದಲ್ಲಿ, ಅಂತರ್ಜಾಲದಲ್ಲಿ ಜನ ಹಾಡುಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಸೇವೆಯ ಮೇಲೆ ಮೊಕದ್ದಮೆ ಹೂಡಿ ಅಭಿಮಾನಿಗಳ ಬೈಗುಳ ತಿಂದಿದ್ದ, ಮುಂದೆ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡ 2006ರ ಜುಲೈನಲ್ಲಿ ಐಟ್ಯೂನ್ಸ್ ಸೇರಿತು. ಲೆಡ್ ಝೆಪೆಲಿನ್ 2007ರ ನವೆಂಬರ್‌ನಲ್ಲಿ. 2007ರಲ್ಲಿ ‘ಇನ್ ರೇನ್‌ಬೋಸ್’ ಆಲ್ಬಮ್ಮನ್ನು ಇಡಿಯಾಗಿ, ಕೇಳುಗರು ಕೊಟ್ಟಷ್ಟಕ್ಕೆ ತನ್ನದೇ ಜಾಲತಾಣದಲ್ಲಿ ಮಾರಿದ ರೇಡಿಯೋಹೆಡ್‌ನ ಹಳೆಯ ಆಲ್ಬಮ್‌ಗಳು ಮರುವರ್ಷ. (ಬೀಟಲ್ಸ್ ಹಾಡುಗಳು 2010ರ ನವೆಂಬರ್‌ವರೆಗೆ ತಡವಾದದ್ದನ್ನು ಈ ಸಾಲಿಗೆ ಸೇರಿಸಬೇಡಿ; ಅಲ್ಲಿ ಆ್ಯಪಲ್ ಎಂಬ ಹೆಸರಿನ ಬಗ್ಗೆಯೇ ಅವರ ಕಂಪನಿಗೂ ಕಂಪ್ಯೂಟರ್ ಕಂಪನಿಗೂ ದೀರ್ಘಕಾಲದ ವ್ಯಾಜ್ಯವಿತ್ತು.) ಎಸಿ/ಡಿಸಿ 2012ರ ನವೆಂಬರ್ 19ರಂದು ಬಂದಾಗ ಹಾಡುಗಳನ್ನು ಬಿಡಿಯಾಗಿ ಮಾರಲೂ ಒಪ್ಪಿತ್ತು. ಮರುವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನ ಅಭಿಮಾನಿಗಳು 1979ರ ‘ಹೈವೇ ಟು ಹೆಲ್’ ಹಾಡನ್ನು ಸಾಮೂಹಿಕವಾಗಿ ಕೊಂಡು ಅಲ್ಲಿನ ಸಿಂಗಲ್‌ಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿಸಿದರು. ಆಲ್ಬಮ್ಮೇ ತಮ್ಮ ಕಸುಬೆಂದಿದ್ದ ತಂಡಕ್ಕೆ ಆ ಪಟ್ಟಿಯ ಮೊದಲ ಹತ್ತರೊಳಗೆ ಸಿಕ್ಕ ಮೊದಲ ಜಾಗ ಅದು.

ಕೊನೆಯವರೆಗೆ ಉಳಿದವರಲ್ಲಿ ಟೂಲ್ ತಂಡ ಪ್ರಮುಖ. 2019ರ ಆಗಸ್ಟ್ 2ರಂದು ತನ್ನ ಹಳೆಯ ಆಲ್ಬಮ್‌ಗಳನ್ನೆಲ್ಲ ಡಿಜಿಟಲ್ ಸೇವೆಗಳಿಗೆ ಒಪ್ಪಿಸಿದ ಅದು ಅದೇ ತಿಂಗಳ ಕೊನೆಗೆ ಹದಿಮೂರು ವರ್ಷಗಳ ಬಳಿಕ ಹೊಸ ಆಲ್ಬಮ್ ಹೊರತಂದಿತು. ಅಷ್ಟರಲ್ಲಿ ಹಾಡನ್ನು ಕೊಳ್ಳುವ ಪದ್ಧತಿಯೇ ಹೋಗಿ ತಿಂಗಳ ಚಂದಾ ಕಟ್ಟಿ ಕೇಳುವ ಕಾಲ ಬಂದಿತ್ತು, ಬಿಡಿ ಮಾರಾಟದ ವಿರುದ್ಧ ಗಳಿಸಿದ ತೀರ್ಪಿಗೂ ಷರತ್ತಿಗೂ ಹೆಚ್ಚಿನ ಕೆಲಸ ಉಳಿದಿರಲಿಲ್ಲ. ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಎಸಿ/ಡಿಸಿಗೆ ಕೆಲವು ವರ್ಷಗಳ ಒಳ್ಳೆಯ ವ್ಯಾಪಾರ ದಕ್ಕಿತು, ಪಿಂಕ್ ಫ್ಲಾಯ್ಡ್‌ಗೆ ತನ್ನ ಮಾತನ್ನು ಕೇಳಿಯೇ ಮುಂದುವರಿಯಬೇಕೆಂಬ ಹಕ್ಕು ದಕ್ಕಿತು, ಕೇಳುವ ಅಭ್ಯಾಸವನ್ನು ಮಾತ್ರ ಇಬ್ಬರೂ ತಡೆಯಲಾಗಲಿಲ್ಲ.

ಆದರೆ ನೀವು ‘ಡಾರ್ಕ್ ಸೈಡ್’ ಅನ್ನು ಇನ್ನೂ ಪೂರ್ತಿ ಕೇಳಿಲ್ಲವೆಂದು ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ನೀವು ಬಳಸುವ ಆ್ಯಪ್‌ನಲ್ಲಿ ಹಾಡುಗಳನ್ನು ಕಲಸಿ ಹಾಕುವ ಷಫಲ್ ಗುಂಡಿಯನ್ನೂ, ಒಂದು ಹಾಡನ್ನು ಇನ್ನೊಂದರ ಮೇಲೆ ಹರಡುವ ಕ್ರಾಸ್‌ಫೇಡನ್ನೂ ಬಂದ್ ಮಾಡಿ, ಹಾಡುಗಳ ನಡುವೆ ಬಿರುಕಿಲ್ಲದೆ ನುಡಿಸುವ ಗ್ಯಾಪ್‌ಲೆಸ್ ಎಂಬುದನ್ನು ಚಾಲೂ ಮಾಡಿಕೊಳ್ಳಿ. ಐದನೆಯ ಹಾಡು ಮುಗಿದಾಗ ಅರ್ಧ ನಿಮಿಷ ತಡೆದು ಆರನೆಯದನ್ನು ಹಾಕಿ; ತಟ್ಟೆ ಮಗುಚಲು ಅಷ್ಟು ಹೊತ್ತು ಬೇಕಾಗುತ್ತಿತ್ತು.