ಐದಡಿ ಸ್ಲಾಷರ್ ಬೇಕೋ, ನಾಲ್ಕಡಿ ಸಾಕೋ?

ಪ್ರಶ್ನೆ: ಹಿರಿಯಡ್ಕದ ಹತ್ತಿರ ನಮಗೆ 7 ಎಕರೆ ಜಾಗ ಇದೆ. ಅದರಲ್ಲಿ 4 ಎಕರೆ ಪದವು (ಮುರಕಲ್ಲಿನ ಹುಲ್ಲು ಬಯಲು). ಮೊದಲು ಗೇರು ಇತ್ತು, ಮರ ಕಡಿಸಿ ಈಗ 9 ದನಗಳನ್ನು ಮೇಯಲು ಬಿಡುತ್ತೇವೆ. ಎರಡು ವರ್ಷದಿಂದ ಕಮ್ಯುನಿಸ್ಟ್ ಗಿಡ ಮತ್ತು ನಾಚಿಕೆಮುಳ್ಳಿನ ಕಾಟ ವಿಪರೀತ. ಬ್ರಷ್ ಕಟರ್ ಹಿಡಿದು ಹಿಡಿದು ಬೆನ್ನು ಹೋಯಿತು. ಮನೆಯಲ್ಲಿ 24 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್ ಉಂಟು. ಅಂಗಡಿಯವರು 5 ಅಡಿಯ ಸ್ಲಾಷರ್ ತಗೊಳ್ಳಿ, ಬೇಗ ಮುಗಿಯುತ್ತದೆ ಎನ್ನುತ್ತಾರೆ. ಅಣ್ಣ ಮಲ್ಚರ್ ಒಳ್ಳೆಯದು ಎನ್ನುತ್ತಾನೆ. ಐರ್ಲೆಂಡಿನಲ್ಲಿ ನರ್ಸ್ ಆಗಿರುವ ತಂಗಿ ಅಲ್ಲಿಯವರು ‘ಟಾಪರ್’ ಹಾಕುತ್ತಾರೆ ಎಂದು ವೀಡಿಯೊ ಕಳಿಸಿದ್ದಾಳೆ. ಯಾವುದು ತಗೊಳ್ಳಲಿ?
(ಓದುಗರು, ಉಡುಪಿ ತಾಲೂಕು)

ಉತ್ತರ: ಮೊದಲು ನಿಮ್ಮ ತಂಗಿಯ ವೀಡಿಯೊ ವಿಷಯ ಮುಗಿಸೋಣ. ಅಲ್ಲಿ ಟಾಪರ್ ಎನ್ನುವುದು, ಇಲ್ಲಿ ನಾವು ಸ್ಲಾಷರ್ ಎನ್ನುವುದು, ಎರಡೂ ಹೆಚ್ಚುಕಡಿಮೆ ಒಂದೇ. ತಗಡಿನ ಮುಚ್ಚಿಗೆಯ ಕೆಳಗೆ ಅಡ್ಡಕ್ಕೆ ತಿರುಗುವ ಬ್ಲೇಡು. ದನ ಸಗಣಿ ಹಾಕಿದ ಜಾಗದ ಸುತ್ತಲಿನ ಹುಲ್ಲನ್ನು ಮುಟ್ಟುವುದಿಲ್ಲ, ನೀವು ನೋಡಿರುತ್ತೀರಿ. ಹಾಗೆ ಉಳಿದು ಬಲಿತ ಹುಲ್ಲನ್ನೂ ದನ ಬಾಯಿ ಹಾಕದ ಕಳೆಯನ್ನೂ ಬೀಜ ಕಟ್ಟುವ ಮೊದಲು ಕೊಚ್ಚಿ ಬಿಡುವುದು ಇದರ ಕೆಲಸ. ಅಷ್ಟೇ. ಕೊಚ್ಚಿದ್ದನ್ನು ಒಟ್ಟುಮಾಡಿ ಹಟ್ಟಿಗೆ ಹಾಕುವ ಆಸೆ ಬೇಡ. ಅದು ಮಣ್ಣು ಕಲಸಿಕೊಂಡು ಪುಡಿಯಾಗಿರುತ್ತದೆ, ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ.

ಅಣ್ಣ ಹೇಳುವ ಮಲ್ಚರ್ ಬೇರೆ ಜಾತಿ. ಅದರಲ್ಲಿ ಒಂದು ಉದ್ದ ಉರುಳೆ, ಅದಕ್ಕೆ ಸಾಲಾಗಿ ನೇತಾಡುವ ಸಣ್ಣ ಸುತ್ತಿಗೆಗಳು. ಪುಡಿ ನುಣ್ಣಗೆ ಬರುತ್ತದೆ, ಕಲ್ಲು ಹಾರುವುದೂ ಕಡಿಮೆ. ಆದರೆ ಅದೇ ಅಗಲಕ್ಕೆ ಸ್ಲಾಷರಿಗಿಂತ ಜಾಸ್ತಿ ಶಕ್ತಿ ಬೇಕು, ತೂಕವೂ ಜಾಸ್ತಿ. ಕಲ್ಲಿಗೆ ತಾಗಿ ಸುತ್ತಿಗೆ ಒಂದೊಂದಾಗಿ ಹೋದರೆ ಉರುಳೆಯ ತೂಕ ತಪ್ಪಿ ಬೇರಿಂಗ್ ಕೂಗಲು ಶುರು. ಪದವಿನಲ್ಲಿ 24 ಎಚ್‌ಪಿಗೆ ಅದು ಬೇಡ.

ಇನ್ನು ಐದಡಿಯ ಮಾತು. ನಿಮ್ಮ ಟ್ರ್ಯಾಕ್ಟರಿನ 24 ಎಚ್‌ಪಿ ಎಂಜಿನ್ನಿನದ್ದು. ಹಿಂದಿನ ಪಿಟಿಒ ಶಾಫ್ಟಿಗೆ, ಅಂದರೆ ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ದಂಡಕ್ಕೆ, ಬರುವಾಗ ಸುಮಾರು 20 ಉಳಿಯುತ್ತದೆ ಎಂದು ಹಿಡಿಯಿರಿ. ಬಲಿತ ಹುಲ್ಲು, ಕೈಬೆರಳು ದಪ್ಪದ ಕಾಂಡ ಕೊಚ್ಚಲು ಒಂದು ಅಡಿ ಅಗಲಕ್ಕೆ 5 ಎಚ್‌ಪಿ ಎಂದು ನಾನು ಲೆಕ್ಕ ಹಾಕುತ್ತೇನೆ. 20ಕ್ಕೆ ನಾಲ್ಕಡಿ. ಐದಡಿ ಹಾಕಿದರೆ ತಿರುಗುವುದಿಲ್ಲ ಅಂತಲ್ಲ, ತಿರುಗುತ್ತದೆ. ಒದ್ದೆ ಹುಲ್ಲು ಸಿಕ್ಕಾಗ ಎಂಜಿನ್ ಅಳುತ್ತದೆ, ಬ್ಲೇಡ್ ವೇಗ ಇಳಿಯುತ್ತದೆ. ಆಮೇಲೆ ಹುಲ್ಲು ತುಂಡಾಗುವುದಿಲ್ಲ, ಹರಿಯುತ್ತದೆ.

ಬೇಗ ಮುಗಿಯುತ್ತದೆ ಎನ್ನುವುದನ್ನೂ ಲೆಕ್ಕ ಮಾಡಿ ನೋಡಿದೆ. ಗಂಟೆಗೆ 4 ಕಿ.ಮೀ. ವೇಗದಲ್ಲಿ ಹೋದರೆ, ತಿರುವು, ಒಂದರ ಮೇಲೊಂದು ಪಟ್ಟೆ ಎಲ್ಲ ಕಳೆದು ನಾಲ್ಕಡಿಯದ್ದು ಗಂಟೆಗೆ 90 ಸೆಂಟ್ಸ್ ಮುಗಿಸೀತು. ಐದಡಿಯದ್ದು 1 ಎಕರೆ 10 ಸೆಂಟ್ಸ್. ನಿಮ್ಮ 4 ಎಕರೆಗೆ ವ್ಯತ್ಯಾಸ ಒಂದು ಗಂಟೆಯೂ ಇಲ್ಲ. ವರ್ಷಕ್ಕೆ ಎರಡು ಸಲದ ಕೆಲಸ. ಆ ಎರಡು ಗಂಟೆ ಉಳಿಸಿ ನೀವೇನು ಮಾಡುತ್ತೀರಿ ಮಾರಾಯ್ರೆ?

ಅಗಲ ನಿರ್ಧರಿಸಲು ಇನ್ನೊಂದು ಅಳತೆ ಉಂಟು. ಹಿಂದಿನ ಎರಡು ಟಯರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪ್ ಹಿಡಿಯಿರಿ. ಸ್ಲಾಷರ್ ಕೊಚ್ಚುವ ಅಗಲ ಅದಕ್ಕಿಂತ ಕಡಿಮೆ ಇರಬಾರದು. ಕಡಿಮೆ ಇದ್ದರೆ ಟಯರು ಮೆಟ್ಟಿದ ಹುಲ್ಲು ಮಲಗಿಯೇ ಇರುತ್ತದೆ, ಮೂರು ದಿನ ಬಿಟ್ಟು ಎದ್ದು ನಿಲ್ಲುತ್ತದೆ. ನಿಮ್ಮ ಅಳತೆಯ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ನಾಲ್ಕಡಿ ಸರಿಹೋಗುತ್ತದೆ, ಆದರೂ ಅಳೆದೇ ಹೋಗಿ.

ಈಗ ಅಂಗಡಿಯವರು ಹೇಳದ, ನಿಮಗೆ ಅತಿ ಮುಖ್ಯವಾದ ವಿಷಯ. ನಿಮ್ಮ ಟ್ರ್ಯಾಕ್ಟರ್ ಸಿಂಗಲ್ ಕ್ಲಚ್ಚಿನದ್ದೋ, ಡಬಲ್ ಕ್ಲಚ್ಚಿನದ್ದೋ? ಸಿಂಗಲ್ ಕ್ಲಚ್ ಆದರೆ ಪೆಡಲ್ ಒತ್ತಿದಾಗ ಎಂಜಿನ್ ಮಾತ್ರ ಬಿಟ್ಟುಕೊಳ್ಳುತ್ತದೆ. ಪಿಟಿಒ ಮತ್ತು ಚಕ್ರ ಗೇರ್‌ಬಾಕ್ಸಿನ ಮೂಲಕ ಒಂದಕ್ಕೊಂದು ಹಿಡಿದುಕೊಂಡೇ ಇರುತ್ತವೆ. ಹಿಂದೆ ಸ್ಲಾಷರಿನ ಭಾರದ ಬ್ಲೇಡು ಭರ್ರನೆ ತಿರುಗುತ್ತಿದೆ, ಅದು ಒಮ್ಮೆಗೇ ನಿಲ್ಲುವುದಿಲ್ಲ. ಆ ರಭಸ ಪಿಟಿಒ ಶಾಫ್ಟಿನಿಂದ ಉಲ್ಟಾ ಬಂದು ಚಕ್ರವನ್ನು ತಿರುಗಿಸುತ್ತದೆ. ನೀವು ಕ್ಲಚ್ ಒತ್ತಿ ಕೂತಿದ್ದೀರಿ, ಟ್ರ್ಯಾಕ್ಟರ್ ಮುಂದೆ ಹೋಗುತ್ತಲೇ ಇದೆ.

ಇದು ಪುಸ್ತಕದ ಮಾತಲ್ಲ. ಹದಿನೈದು ವರ್ಷದ ಹಿಂದೆ, ಗ್ಯಾರೇಜು ನಡೆಸುತ್ತಿದ್ದ ಕಾಲ. ಹತ್ತಾರು ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದವನು ಎಂಬ ಅಹಂಕಾರ ಬೇರೆ. ಹಳೆಯ ಸಿಂಗಲ್ ಕ್ಲಚ್ ಟ್ರ್ಯಾಕ್ಟರಿಗೆ ಸ್ಲಾಷರ್ ಕಟ್ಟಿಕೊಂಡು ಮನೆಯ ಮಜಲು ಗದ್ದೆಗೆ ಇಳಿದೆ. ಪುಣಿಯ (ಗದ್ದೆಯ ಬದುವಿನ) ಹತ್ತಿರ ಬಂದಾಗ ಕ್ಲಚ್ ಒತ್ತಿದೆ. ನಿಲ್ಲಲಿಲ್ಲ. ಪುಣಿ ಹತ್ತಿತು, ಆಚೆ ಇಳಿಯಿತು, ತೋಡಿನ ಅಂಚಿನ ಅಡಿಕೆ ಮರಕ್ಕೆ ಗುದ್ದಿ ನಿಂತಿತು. ಮರ ಹೋಯಿತು, ನಾನು ಉಳಿದೆ. ಮಾರಿದವರು ಹೇಳಿರಲಿಲ್ಲ, ನಿಜ. ಆದರೆ ಮೆಕ್ಯಾನಿಕ್ ಆದವನಿಗೆ ಯಾರಾದರೂ ಹೇಳಬೇಕಿತ್ತಾ ಎಂದು ಮನೆಯವಳು ಇವತ್ತಿಗೂ ಕೇಳುತ್ತಾಳೆ.

ಇದಕ್ಕೆ ಮದ್ದು ಓವರ್‌ರನ್ನಿಂಗ್ ಕ್ಲಚ್. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ಎಂಜಿನ್ ಸ್ಲಾಷರನ್ನು ತಿರುಗಿಸಬಹುದು, ಸ್ಲಾಷರ್ ಎಂಜಿನ್ ಕಡೆಯನ್ನು ತಿರುಗಿಸಲಾರದು. ಪಿಟಿಒ ಶಾಫ್ಟಿನ ತುದಿಗೆ ಬರುತ್ತದೆ, ಅದು ಇರುವ ಶಾಫ್ಟನ್ನೇ ಕೇಳಿ ತಗೊಳ್ಳಿ. ಡಬಲ್ ಕ್ಲಚ್ ಆದರೆ ಅರ್ಧ ಒತ್ತಿದಾಗ ಚಕ್ರ ಮಾತ್ರ ನಿಲ್ಲುತ್ತದೆ, ಪಿಟಿಒ ತಿರುಗುತ್ತಿರುತ್ತದೆ. ಆಗ ಈ ಚಿಂತೆ ಕಡಿಮೆ. ನಿಮ್ಮದು ಯಾವುದೆಂದು ಟ್ರ್ಯಾಕ್ಟರಿನ ಪುಸ್ತಕದಲ್ಲಿ ಬರೆದಿರುತ್ತದೆ. ಪುಸ್ತಕ ತೆಗೆದಾಗಲೇ ಪಿಟಿಒ ವೇಗವನ್ನೂ ನೋಡಿಬಿಡಿ. ಕೆಲವು ಸಣ್ಣ ಟ್ರ್ಯಾಕ್ಟರುಗಳಲ್ಲಿ ಎರಡು ವೇಗ ಇರುತ್ತದೆ. ಸ್ಲಾಷರ್ ಮಾಡಿರುವುದು ನಿಮಿಷಕ್ಕೆ 540 ಸುತ್ತಿನ ವೇಗಕ್ಕೆ. ಮೇಲಿನ ವೇಗಕ್ಕೆ ಕೈ ಹಾಕಬೇಡಿ.

ಯಾಕೆಂದರೆ 540 ಸುತ್ತೇ ಸಾಕಷ್ಟು. ಸ್ಲಾಷರಿನ ಗೇರ್‌ಬಾಕ್ಸ್ ಅದನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ನಾಲ್ಕಡಿ ಸುತ್ತುವ ಬ್ಲೇಡಿನ ತುದಿ ನಿಮಿಷಕ್ಕೆ ಸಾವಿರ ಸುತ್ತು ಹೊಡೆದರೆ ಗಂಟೆಗೆ 200 ಕಿ.ಮೀ.ಗಿಂತ ಜಾಸ್ತಿ ವೇಗ ಆಯಿತು. ಆ ತುದಿಗೆ ಮುರಕಲ್ಲಿನ ಒಂದು ಚೂರು ಸಿಕ್ಕಿತು ಎಂದುಕೊಳ್ಳಿ. ನಮ್ಮ ಪಕ್ಕದ ಮನೆಯ ಹಂಚು ಒಡೆದದ್ದು ಹಾಗೆಯೇ. ಆಮೇಲೆ ಹೆಜ್ಜೆ ಹಾಕಿ ನೋಡಿದೆವು, ಸರಿಯಾಗಿ 70 ಹೆಜ್ಜೆ. ಹಂಚಿನ ಬದಲು ಮಗು ಇದ್ದಿದ್ದರೆ? ಹಾಗಾಗಿ ಮುಂದೆ ಹಿಂದೆ ಎರಡೂ ಕಡೆ ಸಂಕೋಲೆಯ ಪರದೆ ಇಲ್ಲದ ಸ್ಲಾಷರನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ ಎನ್ನಿ. ಪದವಿನಲ್ಲಿ ಮಕ್ಕಳು ಕ್ರಿಕೆಟ್ ಆಡುವ ಹೊತ್ತಿನಲ್ಲಿ ಮೆಷಿನ್ ಇಳಿಸಲೇಬೇಡಿ.

ನಿಮ್ಮ ಜಾಗದಲ್ಲಿ ಕಲ್ಲಿನ ಜೊತೆ ಗೇರಿನ ಬುಡಗಳೂ ಇರಬೇಕು. ಮರ ಕಡಿಸಿದ್ದು ಬರೆದಿದ್ದೀರಿ, ಬುಡ ಕೀಳಿಸಿದ್ದು ಬರೆದಿಲ್ಲ. ಅದಕ್ಕೇ ನೋಡಬೇಕಾದ ಇನ್ನೊಂದು ಸಂಗತಿ ಬ್ಲೇಡನ್ನು ಕೂರಿಸಿದ ಭಾಗ. ಕೆಲವದರಲ್ಲಿ ನೇರ ಪಟ್ಟಿ ಇರುತ್ತದೆ, ಕೆಲವದರಲ್ಲಿ ತಟ್ಟೆಯಂಥ ದುಂಡು ಪ್ಯಾನ್. ತಟ್ಟೆಯದ್ದೇ ಬೇಕು. ಬುಡ ಸಿಕ್ಕಿದರೆ ತಟ್ಟೆ ಅದರ ಮೇಲೆ ಜಾರಿ ದಾಟುತ್ತದೆ, ಬ್ಲೇಡುಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಅಂಗಡಿಯಲ್ಲೇ ಬಗ್ಗಿ ಬ್ಲೇಡನ್ನು ಕೈಯಿಂದ ತಳ್ಳಿ ನೋಡಿ, ಸಲೀಸಾಗಿ ಮಡಚಬೇಕು. ಟ್ರ್ಯಾಕ್ಟರಿನಿಂದ ಕಳಚಿಟ್ಟಿರಬೇಕು, ಮರದ ದಿಮ್ಮಿಯ ಮೇಲೆ ಭದ್ರವಾಗಿ ಕೂತಿರಬೇಕು ಅಂತ ಹೇಳಬೇಕಾಗಿಲ್ಲ ಅಲ್ವಾ? ಬ್ಲೇಡ್ ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ತೂಕ ಏರುಪೇರಾಗಿ ಇಡೀ ಮೆಷಿನ್ ನಡುಗುತ್ತದೆ.

ಕಲ್ಲು ಗುರುತಿಸುವ ಕೆಲಸ ಮೇ ತಿಂಗಳಲ್ಲೇ ಮಾಡಿ. ಆಗ ಹುಲ್ಲೆಲ್ಲ ಒಣಗಿ ಪದವು ಬೋಳಾಗಿರುತ್ತದೆ, ಪಾರೆ, ಬುಡ, ಹೊಂಡ ಎಲ್ಲ ಕಣ್ಣಿಗೆ ಕಾಣುತ್ತದೆ. ಹೊರಲು ಆಗುವ ಕಲ್ಲನ್ನು ಹೊತ್ತು ಅಂಚಿಗೆ ಹಾಕಿ. ಆಗದಲ್ಲಿ ಹಳೆ ಸೀರೆಯ ಚಿಂದಿ ಕಟ್ಟಿದ ಆಳೆತ್ತರದ ಕೋಲು ನೆಡಿ. ಮಣ್ಣಿನಲ್ಲಿ ಹುದುಗಿದ ಹಳೆ ಮುಳ್ಳುತಂತಿ ಇದ್ದರೆ ಹುಡುಕಿ ತೆಗೆಯಿರಿ. ಕಲ್ಲಿಗಿಂತ ಅದು ಕೆಟ್ಟದ್ದು. ಬ್ಲೇಡಿನ ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ಯುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಸೋರಿ ಹೋದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಹುತ್ತ ಇದ್ದರೆ ಸುತ್ತಿ ಹೋಗಿ. ಹುತ್ತಕ್ಕೆ ಬ್ಲೇಡ್ ತಾಗಿಸುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ, ಬಿಡಿ.

ಕೊಚ್ಚುವ ಕಾಲ? ಮಳೆ ಹಿಂದೆ ಸರಿದು ನೆಲ ಚಕ್ರ ಹೊರುವಷ್ಟು ಗಟ್ಟಿಯಾದಾಗ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಮೊದಲ ಸಲ. ಕಮ್ಯುನಿಸ್ಟ್ ಗಿಡ ಹೂ ಬಿಡುವ ಮೊದಲೇ ಇನ್ನೊಂದು ಸಲ. ಹೂ ಬಂದ ಮೇಲೆ ಕೊಚ್ಚಿದರೆ ನೀವೇ ಬೀಜ ಬಿತ್ತಿದ ಹಾಗೆ. ಜನವರಿ ಕಳೆದ ಮೇಲೆ ಬೇಡವೇ ಬೇಡ. ಮುಳಿಹುಲ್ಲು ಒಣಗಿರುತ್ತದೆ, ಬ್ಲೇಡು ಕಲ್ಲಿಗೆ ತಾಗಿ ಒಂದು ಕಿಡಿ ಹಾರಿದರೆ ಪದವು ಪೂರ್ತಿ ಹೊತ್ತಿಕೊಳ್ಳುತ್ತದೆ.

ಎತ್ತರ ನೆಲದಿಂದ 4 ಇಂಚು. ಅದಕ್ಕಿಂತ ಕೆಳಗೆ ಇಳಿಸಿದರೆ ಹುಲ್ಲಿಗೂ ನಷ್ಟ, ಬ್ಲೇಡಿಗೂ ನಷ್ಟ. ಮುಂದಿನ ಅಂಚು ಹಿಂದಿನದಕ್ಕಿಂತ ಅರ್ಧ ಇಂಚು ತಗ್ಗಿರಲಿ, ಎಂಜಿನ್ನಿಗೆ ಹಗುರ. ಆದರೆ ಒಂದು ಮಾತು ಹೇಳಲೇಬೇಕು. ನಾಚಿಕೆಮುಳ್ಳು ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡ. 4 ಇಂಚಿನಲ್ಲಿ ಹೋಗುವ ಬ್ಲೇಡು ಅದರ ತಲೆಯ ಮೇಲಿಂದ ಹೋಗುತ್ತದೆ. ಸ್ಲಾಷರಿನಿಂದ ಅದು ಸಾಯುವುದಿಲ್ಲ. ಕಮ್ಯುನಿಸ್ಟ್ ಗಿಡವೂ ಬುಡದಿಂದ ಮತ್ತೆ ಚಿಗುರುತ್ತದೆ, ಎರಡು ಮೂರು ವರ್ಷ ಬಿಡದೆ ಕೊಚ್ಚಿದರೆ ಸೋಲುತ್ತದೆ. ದಪ್ಪ ಬುಡಗಳಿಗೆ ಪಿಕ್ಕಾಸೇ ಗತಿ. ಜೊತೆಗೆ 4 ಎಕರೆಗೆ ತಂತಿ ಎಳೆದು ನಾಲ್ಕು ಪಾಲು ಮಾಡಿ, ದನಗಳನ್ನು ಸರದಿಯಲ್ಲಿ ಬಿಡಿ. ಹುಲ್ಲಿಗೆ ಉಸಿರಾಡಲು ಸಮಯ ಸಿಕ್ಕಿದರೆ ಅರ್ಧ ಕಳೆಯನ್ನು ಹುಲ್ಲೇ ಒತ್ತಿ ಹಾಕುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು: ನಾಲ್ಕಡಿ ಸ್ಲಾಷರ್, ದುಂಡು ಪ್ಯಾನ್, ಎರಡೂ ಕಡೆ ಸಂಕೋಲೆ, ಕಲ್ಲಿಗೆ ಗುದ್ದಿದಾಗ ಜಾರಿ ಗೇರ್‌ಬಾಕ್ಸನ್ನು ಉಳಿಸುವ ಸ್ಲಿಪ್ ಕ್ಲಚ್, ಸಿಂಗಲ್ ಕ್ಲಚ್ ಟ್ರ್ಯಾಕ್ಟರ್ ಆದರೆ ಓವರ್‌ರನ್ನಿಂಗ್ ಕ್ಲಚ್. ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೆ ತಂದು ನೋಡಿದರೆ ಇನ್ನೂ ಒಳ್ಳೆಯದು. ಕೃಷಿ ಯಂತ್ರಧಾರೆಯಲ್ಲಿ ಉಂಟಾ ವಿಚಾರಿಸಿ. ಸಬ್ಸಿಡಿ ಬೇಕಾದರೆ ಎಫ್‌ಐಡಿ (ರೈತರ ಗುರುತಿನ) ನಂಬರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಮೊದಲು ಹೋಗಿ, ಅಂಗಡಿಗೆ ಆಮೇಲೆ.

ಪ್ರಶ್ನೆ: ಕಿನ್ನಿಗೋಳಿ ಕಡೆ ನಮ್ಮದು ಅಡಿಕೆ ತೋಟ, ಒಂದು ಬದಿ ತೆಂಗು. ಇದೇ ಸ್ಲಾಷರ್ ತೋಟದೊಳಗೆ ಓಡಿಸಬಹುದೇ?
(ಓದುಗರು, ಮಂಗಳೂರು)

ಉತ್ತರ: ತೆಂಗಿನಲ್ಲಿ ಆಗುತ್ತದೆ. 25 ಅಡಿ ಅಂತರ ಇದ್ದರೆ ಆರಾಮ. ಮಡಲು ಹೆಕ್ಕಿದ ಮೇಲೆ ಮಾತ್ರ. ಕೊತ್ತಳಿಗೆ (ತೆಂಗಿನ ಗರಿಯ ದಪ್ಪ ಬುಡ) ಬ್ಲೇಡಿಗೆ ಸಿಕ್ಕಿದರೆ ಕೊಚ್ಚುವುದಿಲ್ಲ, ಎಸೆಯುತ್ತದೆ.

ಅಡಿಕೆಯಲ್ಲಿ ಬೇಡ. 9 ಅಡಿ ಅಂತರದಲ್ಲಿ ನಾಲ್ಕಡಿ ಮೆಷಿನ್ ಹಿಡಿಸುತ್ತದೆ, ಕಾಗದದ ಮೇಲೆ. ತೋಟದಲ್ಲಿ ಕಣಿ ಉಂಟು, ಸ್ಪ್ರಿಂಕ್ಲರ್ ಪೈಪ್ ಉಂಟು, ಅಡಿಕೆಯ ಬೇರು ಮೇಲ್ಮೇಲೆಯೇ ಇರುತ್ತದೆ. ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಟ್ರ್ಯಾಕ್ಟರ್ ಚಕ್ರ ಆ ಬೇರಿನ ಮೇಲೆ ಹತ್ತಿ ಇಳಿಯಬೇಕು. ಅಲ್ಲಿಗೆ ಬ್ರಷ್ ಕಟರ್ರೇ ಸರಿ. ಬೆನ್ನು ನೋವಿಗೆ ಹೆಗಲ ಪಟ್ಟಿ ಒಳ್ಳೆಯದು ತಗೊಳ್ಳಿ.

ಪ್ರಶ್ನೆ: ಕಳೆದ ವರ್ಷ ತಂದ ಸ್ಲಾಷರಿನಲ್ಲಿ ಸ್ಲಿಪ್ ಕ್ಲಚ್ ಇದೆ. ಆದರೂ ಈ ಸಲ ಮೊದಲ ದಿನವೇ ಕಲ್ಲಿಗೆ ಗುದ್ದಿ ಗೇರ್‌ಬಾಕ್ಸಿನ ಹಲ್ಲು ಹೋಯಿತು. ಹಾಗಾದರೆ ಸ್ಲಿಪ್ ಕ್ಲಚ್ ಯಾಕೆ?
(ಓದುಗರು, ಬ್ರಹ್ಮಾವರ)

ಉತ್ತರ: ಮಳೆಗಾಲ ಪೂರ್ತಿ ಅದನ್ನು ಎಲ್ಲಿಟ್ಟಿದ್ದಿರಿ? ಹಟ್ಟಿಯ ಮಾಡಿನ ಕೆಳಗೆ, ಇರಿಚಲು ಹೊಡೆಯುವಲ್ಲಿ ಅಂತ ನನ್ನ ಊಹೆ. ಸ್ಲಿಪ್ ಕ್ಲಚ್ಚಿನೊಳಗೆ ಒಂದಕ್ಕೊಂದು ಒತ್ತಿ ಕೂತ ಪ್ಲೇಟುಗಳು. ಕಲ್ಲಿಗೆ ಗುದ್ದಿದಾಗ ಅವು ಜಾರಿ ಗೇರ್‌ಬಾಕ್ಸನ್ನು ಉಳಿಸಬೇಕು. ನಮ್ಮ ಕಡಲ ಬದಿಯ ಗಾಳಿಗೆ, ನಾಲ್ಕು ತಿಂಗಳ ಮಳೆಗೆ ಅವು ತುಕ್ಕು ಹಿಡಿದು ಒಂದೇ ಗಟ್ಟಿಯಾಗುತ್ತವೆ. ಆಮೇಲೆ ಜಾರುವುದೆಲ್ಲಿಂದ?

ಪ್ರತಿ ವರ್ಷ ಕೆಲಸಕ್ಕೆ ಇಳಿಸುವ ಮೊದಲು ಹೀಗೆ ಮಾಡಿ. ಎಂಜಿನ್ ಬಂದ್ ಮಾಡಿ, ಕೀ ಕಿಸೆಯಲ್ಲಿಟ್ಟುಕೊಳ್ಳಿ. ಕ್ಲಚ್ಚಿನ ಸ್ಪ್ರಿಂಗುಗಳ ಉದ್ದ ಅಳೆದು ಬರೆದುಕೊಳ್ಳಿ. ಪ್ಲೇಟುಗಳ ಅಂಚಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನಟ್ಟುಗಳನ್ನು ಎರಡೆರಡು ಸುತ್ತು ಸಡಿಲಿಸಿ. ಶಾಫ್ಟಿನ ಹತ್ತಿರ ಯಾರೂ ಇಲ್ಲ ಎಂದು ನೋಡಿ, ಎಂಜಿನ್ ನಿಧಾನದಲ್ಲಿಟ್ಟು ಎರಡು ಮೂರು ಸೆಕೆಂಡು ಪಿಟಿಒ ಹಾಕಿ ತೆಗೆಯಿರಿ. ಮತ್ತೆ ಬಂದ್ ಮಾಡಿ ಗೆರೆ ನೋಡಿ. ತುಂಡಾಗಿ ಅತ್ತಿತ್ತ ಸರಿದಿದ್ದರೆ ಪ್ಲೇಟು ಬಿಟ್ಟಿದೆ, ನಟ್ಟುಗಳನ್ನು ಬರೆದಿಟ್ಟ ಅಳತೆಗೆ ಬಿಗಿಯಿರಿ. ಗೆರೆ ನೆಟ್ಟಗೇ ಇದ್ದರೆ ಕ್ಲಚ್ಚನ್ನು ಬಿಚ್ಚಿಸಿ, ಪ್ಲೇಟು ಉಜ್ಜಿಸದೆ ಗದ್ದೆಗೆ ಇಳಿಸಬೇಡಿ.