ತಮ್ಮನ್ನ ಮಾನಸಿಕ ತಜ್ಞರಿಗೆ ತೋರಿಸೋ ಮುಂಚೆ ಹೊಟ್ಟೆ ನೋಡಿಸಿ

ಬುದ್ಧಿಮಾಂದ್ಯ ತಮ್ಮ ಈಚೆಗೆ ಊಟ ಬಿಡ್ತಿದಾನೆ, ಕೈ ಕಚ್ಕೋತಾನೆ, ಯಾವ ದೊಡ್ಡ ಮಾನಸಿಕ ತಜ್ಞರಿಗೆ ತೋರಿಸ್ಲಿ ಅಂತ ಕೇಳಿದೀರಿ. ನಮ್ಮಕ್ಕನೂ ಹಿಂಗೇ ಮಾಡ್ತಿದ್ಲು. ನನ್ ಕೇಳಿದ್ರೆ ಮೊದಲು ಮಾಮೂಲಿ ಫ್ಯಾಮಿಲಿ ಡಾಕ್ಟರ್ ಹತ್ರ ಹೋಗಿ, ಹೊಟ್ಟೆ, ಹಲ್ಲು, ಕಿವಿ ನೋಡಿಸಿ, ಮನಸ್ಸಿನ ವಿಚಾರ ಆಮೇಲೆ.

ಅಕ್ಕನಿಗೆ ಮಾತು ಕಮ್ಮಿ. ನೋವಾದ್ರೆ ಹೇಳೋಕೆ ಬರಲ್ಲ, ಹಣೆ ಗೋಡೆಗೆ ಬಡ್ಕೋತಾಳೆ, ತಟ್ಟೆ ದೂಡ್ತಾಳೆ. ಹಠ ಜಾಸ್ತಿಯಾಯ್ತು ಅಂತ ನಾವು ಹೇಳಿದ್ವಿ, ಡಾಕ್ಟ್ರು ನಂಬಿದ್ರು, ಶಾಂತವಾಗಿರೋ ಮಾತ್ರೆ ಡೋಸ್ ಏರಿಸಿದ್ರು. ಅಂಥ ಎಷ್ಟೋ ಮಾತ್ರೆ ಕರುಳಿನ ಓಟನೇ ನಿಧಾನ ಮಾಡುತ್ತೆ, ಮೇಲಿಂದ ಅವಳು ನೀರು ಕುಡಿಯೋದೂ ಕಮ್ಮಿ, ಓಡಾಟವೂ ಕಮ್ಮಿ.

ಆಮೇಲೆ ಬಟ್ಟೆಯಲ್ಲೆಲ್ಲ ನೀರು ನೀರಾಗಿ ಹೋಗೋಕೆ ಶುರುವಾಯ್ತು. ಲೂಸ್ ಮೋಷನ್ ಅನ್ಕೊಂಡು ನಿಲ್ಲೋ ಮಾತ್ರೆ ಕೊಟ್ವಿ. ಇಲ್ಲೇ ಕೆಟ್ಟಿದ್ದು. ದಯವಿಟ್ಟು ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಿ, ಅದು ಭೇದಿ ಆಗಿರ್ಲಿಲ್ಲ, ಒಳಗೆ ಮಲ ಗಟ್ಟಿಯಾಗಿ ಸಿಕ್ಕಾಕೊಂಡಿತ್ತು, ಅದರ ಪಕ್ಕದಿಂದ ನೀರಿನಂಥದ್ದು ಮಾತ್ರ ಸೋರ್ತಿತ್ತು, ಅಂದ್ರೆ ಮಲಬದ್ಧತೆಯೇ ಭೇದಿ ಥರ ಕಾಣ್ತಿತ್ತು, ನಾವು ಅದಕ್ಕೇ ಇನ್ನೂ ಕಟ್ಟೋ ಮಾತ್ರೆ ಹಾಕಿದ್ವಿ. ಗಟ್ಟಿಯಾಗಿ ಹೋಗಿ ಎಷ್ಟು ದಿನ ಆಯ್ತು ಅಂತ ಮನೇಲಿ ಒಬ್ರಿಗೂ ಗೊತ್ತಿರ್ಲಿಲ್ಲ, ಕೇಳಿದವರೂ ಇಲ್ಲ. ಒಬ್ರು ಹೊಟ್ಟೆ ಮೇಲೆ ಕೈ ಇಟ್ಟು ಒತ್ತಿ ನೋಡಿದ್ರೂ ಗೊತ್ತಾಗ್ತಿತ್ತೇನೋ. ವಾಂತಿ ಶುರುವಾಗಿ ಆಸ್ಪತ್ರೆಗೆ ಸೇರಿಸೋ ಹೊತ್ತಿಗೆ ಕರುಳು ಪೂರ್ತಿ ಬ್ಲಾಕ್ ಆಗಿತ್ತು. ಅಕ್ಕ ಉಳೀಲಿಲ್ಲ.

ಇಂಥವರ ಆಯಸ್ಸೇ ಕಮ್ಮಿ ಅಂತ ಸಮಾಧಾನ ಹೇಳೋರು ಬಹಳ ಜನ, ನಾನು ಒಪ್ಪಲ್ಲ. 2013ರಲ್ಲಿ ಇಂಗ್ಲೆಂಡಿನಲ್ಲಿ ಬುದ್ಧಿಮಾಂದ್ಯರ ಸಾವುಗಳನ್ನ ಒಂದೊಂದಾಗಿ ಪರಿಶೀಲಿಸಿದ ವರದಿ ಬಂತು. ಬೇರೆಯವರಿಗಿಂತ ಗಂಡಸರು ಸುಮಾರು 13 ವರ್ಷ, ಹೆಂಗಸರು 20 ವರ್ಷ ಬೇಗ ಸಾಯ್ತಿದ್ರು, ಅದರಲ್ಲಿ ಎಷ್ಟೋ ಸಾವು ಒಳ್ಳೇ ಚಿಕಿತ್ಸೆ ಸಿಕ್ಕಿದ್ರೆ ತಪ್ಪಿಸಬಹುದಾಗಿದ್ದವು. ಅಲ್ಲಿ 14 ವರ್ಷ ತುಂಬಿದ ಬುದ್ಧಿಮಾಂದ್ಯರಿಗೆ ಫ್ಯಾಮಿಲಿ ಡಾಕ್ಟರ್ ಹತ್ರನೇ ವರ್ಷಕ್ಕೊಂದು ಪೂರ್ತಿ ಚೆಕಪ್ ಇದೆ. ಹುಷಾರಾಗಿದ್ದಾಗಲೇ ನೋಡೋದು, ಅದೇ ಮುಖ್ಯ.

ನೀವೂ ಒಬ್ರೇ ಡಾಕ್ಟರ್ ಹಿಡ್ಕೊಳ್ಳಿ, ಅವರು ತಮ್ಮನ್ನ ಚೆನ್ನಾಗಿದ್ದಾಗ ನೋಡಿರ್ಬೇಕು, ಆಗಲೇ ಬದಲಾವಣೆ ಗೊತ್ತಾಗೋದು. ತೂಕ, ಬಿಪಿ, ಕಣ್ಣು, ಕಿವಿ, ಹಲ್ಲು, ತಗೊಳ್ಳೋ ಎಲ್ಲ ಮಾತ್ರೆ ಒಂದ್ಸಲ ಪರಿಶೀಲನೆ. ಡೌನ್ ಸಿಂಡ್ರೋಮ್ ಇದ್ರೆ ಥೈರಾಯ್ಡ್ ಪ್ರತಿ ವರ್ಷ. ಫಿಟ್ಸ್ ಇದ್ರೆ ಅದರ ಮಾತ್ರೆ ಒಂದು ದಿನವೂ ತಪ್ಪಬಾರದು. ಊಟ ಮಾಡುವಾಗ ಕೆಮ್ಮು, ನೆತ್ತಿಗೇರೋದು ಪದೇ ಪದೇ ಆಗ್ತಿದ್ರೆ ಖಂಡಿತ ಹೇಳಿ, ಅನ್ನ ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ, ಇವರಲ್ಲಿ ಬಹಳ ಸಾವು ಆಗೋದೇ ಉಸಿರಾಟದ ತೊಂದರೆಯಿಂದ. ಫ್ಲೂ ಲಸಿಕೆ ಬಗ್ಗೆನೂ ಕೇಳಿ.

ಒಂದು ನೋಟ್‌ಬುಕ್ ಇಡಿ. ಮೋಷನ್ ಯಾವಾಗ ಆಯ್ತು, ಹೆಂಗಿತ್ತು, ನಿದ್ದೆ, ಊಟ, ನೋವಾದ್ರೆ ಅವನು ಹೆಂಗೆ ತೋರಿಸ್ತಾನೆ, ಎಲ್ಲ ಬರೀರಿ. ಕ್ಲಿನಿಕ್‌ನಲ್ಲಿ ರಶ್ ಇಲ್ಲದ ಮೊದಲನೇ ಅಪಾಯಿಂಟ್‌ಮೆಂಟ್ ಕೇಳಿ, ಅವನ ಜೊತೆನೇ ಮಾತಾಡಿ ಅಂತ ಡಾಕ್ಟರಿಗೆ ಹೇಳಿ. "ಇವರು ಇರೋದೇ ಹೀಗೆ" ಅಂದ್ರೆ ಎದ್ದು ಬರ್ಬೇಡಿ, ಹೋದ ತಿಂಗಳು ಹೀಗಿರ್ಲಿಲ್ಲ ಅಂತ ನೋಟ್‌ಬುಕ್ ತೆಗೆದು ತೋರಿಸಿ.

ಈಗ ನಡೀತಿರೋ ಮಾನಸಿಕ ಮಾತ್ರೆನ ನೀವಾಗೇ ನಿಲ್ಲಿಸ್ಬೇಡಿ. ಆದ್ರೆ ಹೊಟ್ಟೆ ಉಬ್ಬರಿಸಿ ಬಿಗಿಯಾಗಿದ್ರೆ, ವಾಂತಿ ಆಗ್ತಿದ್ರೆ, ಅಪಾಯಿಂಟ್‌ಮೆಂಟ್‌ಗೆ ಕಾಯದೆ ಈಗಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.