ದೂರದ ಊರಿನಲ್ಲಿರುವ ಅಪ್ಪ ಕುಡಿದಿದ್ದಾರೋ ಇಲ್ಲವೋ ಎಂಬುದನ್ನು ಉಸಿರು ಪರೀಕ್ಷಿಸುವ ಯಂತ್ರದಿಂದ ತಿಳಿಯಬಹುದೇ?

ತಿಳಿಯಬಹುದು, ಊದಿದ ಆ ಗಳಿಗೆಯ ಮಟ್ಟಿಗೆ. ನಾನೂ ಬೆಂಗಳೂರಿನಲ್ಲಿ ಕುಳಿತು ದಾವಣಗೆರೆಯಲ್ಲಿ ಒಬ್ಬರೇ ಇದ್ದ ಅಪ್ಪನನ್ನು ಕಾಯಲು ಹೊರಟವನು. ಫ್ಯುಯೆಲ್ ಸೆಲ್ (ಹೆಚ್ಚುಕಡಿಮೆ ಮದ್ಯವನ್ನಷ್ಟೇ ಗುರುತಿಸುವ ಸೆನ್ಸರ್) ಇರುವ ಯಂತ್ರವನ್ನೇ ಕೊಂಡೆ. ಅಗ್ಗದ ಸೆಮಿಕಂಡಕ್ಟರ್ ಯಂತ್ರಗಳು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರ ಉಸಿರಿನಲ್ಲಿರುವ ಅಸಿಟೋನನ್ನೂ ಮದ್ಯವೆಂದು ತೋರಿಸಬಹುದು, ಅಪ್ಪನಿಗೆ ಸಕ್ಕರೆ ಕಾಯಿಲೆ. ರಾತ್ರಿ ಒಂಬತ್ತಕ್ಕೆ, ಬೆಳಿಗ್ಗೆ ಏಳಕ್ಕೆ ವಿಡಿಯೊ ಕರೆ. ಅಪ್ಪ ಊದುವುದು, ಸೊನ್ನೆ ತೋರಿಸುವುದು, ನಾನು ನೆಮ್ಮದಿಯಿಂದ ಫೋನ್ ಇಡುವುದು.

ಕೆಟ್ಟಿದ್ದು ಹೊತ್ತು ಗೊತ್ತುಮಾಡಿದ್ದರಿಂದ. ಲೆಕ್ಕ ಬಿಡಿಸಿಯೇ ಹೇಳುತ್ತೇನೆ, ನೀವೂ ಇದನ್ನೇ ಮಾಡಲಿದ್ದೀರಿ. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ.; ಶೇ 42.8ರ ವಿಸ್ಕಿಯಾದರೆ ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. 70 ಕಿಲೋ ತೂಗುವ ಗಂಡಸಿನ ರಕ್ತದಲ್ಲಿ ಅದು 100 ಮಿ.ಲೀ.ಗೆ ಹೆಚ್ಚುಕಡಿಮೆ 130 ಮಿ.ಗ್ರಾಂ. (ವಾಹನ ಓಡಿಸುವವರಿಗೆ ಕಾನೂನಿನ ಮಿತಿ 30.) ದೇಹ ಅದನ್ನು ಗಂಟೆಗೆ ಸುಮಾರು 15ರಂತೆ ಇಳಿಸುತ್ತದೆ. ಒಂಬತ್ತರ ಕರೆ ಮುಗಿದ ಕೂಡಲೇ ಬಾಟಲಿ ತೆರೆದವರು ಬೆಳಿಗ್ಗೆ ಏಳಕ್ಕೆ ಊದಿದರೆ ಸೊನ್ನೆ! ಯಂತ್ರ ಸರಿಯಾಗಿತ್ತು, ಅಪ್ಪ ಊದಿದ್ದೂ ನಿಜ. ಕೊನೆಗೆ ಅಡುಗೆಮನೆಯ ಅಟ್ಟದಲ್ಲಿ, ಉಪ್ಪಿನಕಾಯಿ ಭರಣಿಗಳ ಹಿಂದೆ ಖಾಲಿ ಬಾಟಲಿಗಳ ಸಾಲು ಸಿಕ್ಕಿತು. ಎಲ್ಲವನ್ನೂ ತೊಳೆದು ಮುಚ್ಚಳ ಹಾಕಿಟ್ಟಿದ್ದರು. ಮನುಷ್ಯ ಮೊದಲಿನಿಂದಲೂ ಅಚ್ಚುಕಟ್ಟು.

ಹೊತ್ತು ಬದಲಿಸಿದರಾಯಿತಲ್ಲ ಎನ್ನಬೇಡಿ. ಬದಲಿಸಿದೆ. ಆಮೇಲೆ ಅವರ ಮೊಬೈಲ್ ಸದಾ ಚಾರ್ಜಿಗೆ ಇರುತ್ತಿತ್ತು. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಅಮೆರಿಕದ ನ್ಯಾಯಾಲಯಗಳು ಕಾಲಿಗೆ ಕಟ್ಟಿಸುವ ಪಟ್ಟಿ ಅರ್ಧ ಗಂಟೆಗೊಮ್ಮೆ ಬೆವರಿನ ಆವಿಯನ್ನು ಪರೀಕ್ಷಿಸುತ್ತದೆ, ಅಲ್ಲಿ ಈ ಆಟ ನಡೆಯುವುದು ಕಷ್ಟ. ಆದರೆ ಅದರ ಬೆನ್ನಿಗೆ ಜೈಲಿನ ಭಯವಿದೆ, ನಿಮ್ಮ ಯಂತ್ರದ ಬೆನ್ನಿಗಿರುವುದು ನಿಮ್ಮ ಮುನಿಸು ಮಾತ್ರ.

ಹಾಗಾಗಿ ಯಾವ ಯಂತ್ರ ಕೊಳ್ಳಲಿ ಎಂಬ ಪ್ರಶ್ನೆಯನ್ನೇ ಕೈಬಿಡಿ. ಆ ದುಡ್ಡಿಗೆ ಊರಿಗೆ ಹೋಗಿ, ಎದುರು ಕುಳಿತು ಮಾತಾಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಳತೆಯೇ ಬೇಕೆಂದರೆ ಪೆಥ್ ಎಂಬ ರಕ್ತ ಪರೀಕ್ಷೆಯಿದೆ, ಹಿಂದಿನ ಎರಡು ಮೂರು ವಾರಗಳ ಕುಡಿತದ ಸುಳಿವು ಅದರಲ್ಲಿ ಸಿಗುತ್ತದೆ. ಅದನ್ನೂ ಅಪ್ಪ ಒಪ್ಪಿದರೆ ಮಾತ್ರ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಇನ್ನೊಂದು ಮಾತು: ಅವರು ದಿನವೂ ಹೆಚ್ಚು ಕುಡಿಯುವವರಾಗಿದ್ದರೆ ಕಾವಲು ಕೂತು ದಿಢೀರನೆ ಬಿಡಿಸಲು ಹೋಗಬೇಡಿ. ಕೈನಡುಕದಿಂದ ಶುರುವಾಗಿ ಫಿಟ್ಸ್‌ಗೆ ತಿರುಗಬಹುದು, ಪ್ರಾಣವೂ ಹೋಗಬಹುದು. ಬಿಡಿಸುವುದು ವೈದ್ಯರ ನಿಗಾದಲ್ಲೇ ಆಗಲಿ.